ಉಜ್ರಾತ

ಆಡಾದರೂ ಆ ಕಾಗದವನ್ನು ತಿಂದುಬಿಟ್ಟಿದ್ದರೆ ಅರ್ಧ ಸಂಕಟ ಕಳೆಯುತ್ತಿತ್ತು ಎಂದುಕೊಂಡ ಅಂದಪ್ಪ. ತಾಲೂಕು ಕಚೇರಿಯ ಮುಂಗೋಡೆಗೆ ಹಚ್ಚುವ ಇಸ್ತಿಹಾರುಗಳಿಗೆ ಹಿಟ್ಟಿನ ಗಂಜಿ ಬಳಿಯುತ್ತಿದ್ದುದರಿಂದ ಊರ ಆಡುಗಳಿಗೆ ಸರಕಾರದ ರುಚಿ ಹತ್ತಿಬಿಟ್ಟಿತ್ತು. ಅಬಕಾರಿಯ ಹೊಸ ಕಾಯಿದೆ, ಸೀಮೆಎಣ್ಣೆ ಹಂಚಿಕೆಯ ನಿಯಮ, ಯಾವುದೋ ಸಾಹೇಬರು ಯಾವುದೋ ಜಿಲ್ಲೆಗೆ ನೇಮಕವಾದ ಸುದ್ದಿ, ಎಲ್ಲವನ್ನೂ ಅವು ಮೂಲೆಯಿಂದ ಹಿಡಿದು ನಿಧಾನವಾಗಿ ಮುಗಿಸಿದ್ದವು. ಆದರೆ ಹನುಮಸಾಗರದ ಆಚೆಯ ಹಳ್ಳಿಯ ತಳವಾರ ಓಬಳೆಪ್ಪ ಸತ್ತ ಬಾಬತ್ತಿನ ಈ ಒಂದು ಹಾಳೆಯನ್ನು ಮಾತ್ರ ಒಂದು ಆಡೂ ಮೂಸಿರಲಿಲ್ಲ. ಬಲಕ್ಕೆ ಉರ್ದು, ಎಡಕ್ಕೆ ಅಂದಪ್ಪನದೇ ದುಂಡನೆಯ ಕನ್ನಡ: ‘ಮೃತ ತಳವಾರ ಓಬಳೆಪ್ಪನ ವಿರಾಸತ್ ಬಾಬತ್ತು ಯಾರಿಗಾದರೂ ಕೂಲಿ ಬರಬೇಕಾಗಿದ್ದಲ್ಲಿ ಅಂಥವರು ಮೂವತ್ತು ದಿನಗಳೊಳಗಾಗಿ ಕಚೇರಿಗೆ ಹಾಜರಾಗತಕ್ಕದ್ದು. ಅವಧಿ ಮೀರಿದ ಬಳಿಕ ಯಾರ ಮಾತನ್ನೂ ಕೇಳಲಾಗುವುದಿಲ್ಲ.’ ಇವತ್ತು ಮೂವತ್ತನೆಯ ದಿನ. ಸಂಜೆ ಐದಕ್ಕೆ ಕಚೇರಿಯ ಕದ ಹಾಕಿದರೆ ಮುಗಿಯಿತು. ಐದಾಗಲಿ, ಬೇಗ ಐದಾಗಲಿ ಎಂದು ಅವನು ಬೆಳಿಗ್ಗೆ ಹಾಸಿಗೆಯಲ್ಲಿ ಕಣ್ಣು ಬಿಡುವ ಮೊದಲೇ ಬೇಡಿಕೊಳ್ಳಲು ಶುರುಮಾಡಿದ್ದ, ಯಾವ ದೇವರ ಹತ್ತಿರ ಎಂದು ಗೊತ್ತು ಮಾಡಿಕೊಳ್ಳದೆ.

ತಪ್ಪು ಒಂದೇ ಮಾತಿನದು. ಊರ ಚಾಕರಿಗೆ ಪ್ರತಿಯಾಗಿ ಇನಾಮು ಹೊಲ ಉಣ್ಣುವ ವತನದಾರನೊಬ್ಬ ಸತ್ತರೆ, ಅವನ ಜಾಗಕ್ಕೆ ಇನ್ನೊಬ್ಬನನ್ನು ನೇಮಿಸುವ ಮುಂಚೆ ಸರಕಾರ ಊರಿಗೆಲ್ಲ ಸಾರುತ್ತದೆ: ಯಾರದಾದರೂ ತಕರಾರು ಇದ್ದರೆ ಬಂದು ಹೇಳಿ ಎಂದು. ತಕರಾರುಗಳಿಗೆ ಕಚೇರಿಯ ಉರ್ದುವಿನಲ್ಲಿ ಉಜ್ರಾತ್ ಎನ್ನುತ್ತಾರೆ. ಉಜ್ರತ್ ಎಂದರೆ ಕೂಲಿ. ಬರಹದಲ್ಲಿ ಎರಡಕ್ಕೂ ಮೊದಲ ಅಕ್ಷರವೇ ಬೇರೆ, ನಡುವಿನ ಜಕಾರವೂ ಬೇರೆ. ಓದಲು ಬರುವವನು ಹಾದಿಯಲ್ಲಿ ನಡೆಯುತ್ತ ನೋಡಿದರೂ ಒಂದನ್ನು ಇನ್ನೊಂದು ಎನ್ನಲಾರ. ಕನ್ನಡದ ಕಿವಿಗೆ ಬಿದ್ದಾಗ ಮಾತ್ರ ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುತ್ತವೆ. ಅಂದಪ್ಪ ಅದನ್ನು ಓದಿರಲಿಲ್ಲ, ಕೇಳಿದ್ದ. ತರ್ಜುಮೆದಾರ ಎಂದು ಹನ್ನೊಂದು ವರ್ಷ ಸರಕಾರದ ಅನ್ನ ಉಂಡ ಅಂದಪ್ಪನಿಗೆ ಕೈಬರಹದ ಉರ್ದು ಓದಲು ಬರುತ್ತಿರಲಿಲ್ಲ. ಅಚ್ಚಿನ ಅಕ್ಷರವಾದರೆ ತಡವರಿಸಿಕೊಂಡು ಓದುತ್ತಿದ್ದ. ಕೊಪ್ಪಳದ ಸಾಲೆಯಲ್ಲಿ ಬಾಯಿಪಾಠ ಮಾಡಿ ಪರೀಕ್ಷೆಯನ್ನೂ ಪಾಸು ಮಾಡಿದ್ದ. ಆದರೆ ತಹಶೀಲ್ದಾರರ ಕೈಕೆಳಗಿನ ಪೇಶಕಾರರ ಲೇಖಣಿಯಿಂದ ಓಡುತ್ತ ಬರುವ, ಚುಕ್ಕೆ ಬಿಟ್ಟ, ಒಂದಕ್ಕೊಂದು ಬಾಲ ಸುತ್ತಿಕೊಂಡ ಆ ಗೀಟುಗಳನ್ನು ಕಂಡರೆ ಅವನು ಹಾಳೆಯನ್ನು ಮಡಿಸಿಕೊಂಡು ಎದ್ದುಬಿಡುತ್ತಿದ್ದ. ಓದಿ ಹೇಳುತ್ತಿದ್ದವನು ದಫ್ತರ ಕಟ್ಟುವ ಮುದುಕ ಅಬ್ದುಲಸಾಬ. ಕಾಗದಗಳ ಕೋಣೆಯ ಮೂಲೆಯಲ್ಲಿ ಕೂತು ಅವನು ಹಲ್ಲಿಲ್ಲದ ಬಾಯಿಯಿಂದ ಓದುವುದು, ಇವನು ಬರೆದುಕೊಳ್ಳುವುದು. ಪ್ರತಿಯಾಗಿ ವಾರಕ್ಕೊಂದು ಕಟ್ಟು ಬೀಡಿ. ಅಬ್ದುಲಸಾಬ ಇದನ್ನು ಯಾರ ಮುಂದೂ ಆಡಿದವನಲ್ಲ. ಅದಕ್ಕೇ ಅಂದಪ್ಪನಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ.

ಆ ದಿನವೂ ಅವನು ಹಾಗೆಯೇ ಓದಿದ್ದ. ಉಜ್ರಾತ್ ಎಂದಾಗ ಅಂದಪ್ಪನ ಕೈ ಒಂದು ಗಳಿಗೆ ನಿಂತಿತ್ತು. ಸತ್ತ ತಳವಾರನ ವಿರಾಸತ್ತಿಗೂ ಕೂಲಿಗೂ ಎಲ್ಲಿಯ ಸಂಬಂಧ ಎಂದು ಒಳಗೆ ಯಾರೋ ಕೇಳಿದ್ದರು. ಅಬ್ದುಲಸಾಬ ಕನ್ನಡಕದ ಮೇಲಿನಿಂದ ನೋಡಿ, “ತಿಳೀಲಿಲ್ಲೇನ್ರಿ ಅಂದಪ್ಪನವರ? ಬಿಡಿಸಿ ಹೇಳಲೇನು?” ಎಂದಿದ್ದ. ಆ ದನಿಯಲ್ಲಿ ಕುಹಕವೇನೂ ಇರಲಿಲ್ಲ. ಇರಲಿಲ್ಲವೆಂದು ಅಂದಪ್ಪನಿಗೆ ಆಗಲೂ ಗೊತ್ತಿತ್ತು. ಆದರೂ ಕಿವಿಯ ತುದಿ ಬಿಸಿಯಾಗಿ, “ನನಗ ಕಲಿಸಾಕ ಬರಬ್ಯಾಡ ನೀ. ಮುಂದ ಓದು,” ಎಂದುಬಿಟ್ಟಿದ್ದ. ಅಬ್ದುಲಸಾಬ ಮುಂದೆ ಓದಿದ. ಅಂದಪ್ಪ ‘ಕೂಲಿ’ ಎಂದು ಬರೆದ, ಒತ್ತಿ, ಮಸಿ ಚೆನ್ನಾಗಿ ಇಳಿಯುವ ಹಾಗೆ. ವಾರಸಿಕೆ ಎನ್ನಬಹುದಾಗಿದ್ದ ವಿರಾಸತ್ ಎಂಬುದನ್ನು ಹಾಗೆಯೇ ಬಿಟ್ಟ, ಅದಕ್ಕೆ ಕನ್ನಡ ಹುಡುಕುವಷ್ಟು ವ್ಯವಧಾನ ಇರಲಿಲ್ಲ. ಮೊದಲ ವಾರ ಆ ಹಳ್ಳಿಯಿಂದ ಮೂರು ಜನ ಕೆರೆ ಏರಿ ಕಟ್ಟಿದವರು ಬಂದು, ನಮಗೆ ಕೂಲಿ ಬರಬೇಕು, ಸಾರಿದ್ದೀರಂತಲ್ಲ ಎಂದು ನಿಂತಾಗಲೂ ಅವನಿಗೆ ಹೊಳೆಯಲಿಲ್ಲ. “ಯಾವನಲೇ ನಿಮಗ ಹೇಳಿದಾಂವ?” ಎಂದು ಅಂಗಳಕ್ಕೆ ಕೇಳುವಂತೆ ಕೂಗಿ ಓಡಿಸಿದ್ದ. “ನೀವ ಬರದೀರಂತಲ್ರೀ,” ಎಂದು ಅವರಲ್ಲೊಬ್ಬ ಹೋಗುತ್ತ ಹೋಗುತ್ತ ತಿರುಗಿ ಹೇಳಿದ್ದು ಇವತ್ತು ಕಿವಿಯಲ್ಲಿ ಕೂತು ಏಳಲೊಲ್ಲದು.

ಹೊಳೆದದ್ದು ಮೂರು ದಿನದ ಹಿಂದೆ, ಜರೀದಾ ಬಂದಾಗ. ಹೈದರಾಬಾದಿನಿಂದ ಅಚ್ಚಾಗಿ ಬರುವ ಆ ಸರಕಾರಿ ಪತ್ರಿಕೆ ಟಪಾಲಿನ ಚೀಲದಿಂದ ಹೊರಬಿದ್ದರೆ ಸಾಕು, ಅಂದಪ್ಪ ಯಾರಿಗೂ ಕಾಣದಂತೆ ಮೊದಲು ನೇಮಕಗಳ ಪುಟ ತೆಗೆಯುತ್ತಿದ್ದ. ಹನ್ನೊಂದು ವರ್ಷದಿಂದ ಅವನು ಹಂಗಾಮಿ. ಕಾಯಂ ಆದವರ ಹೆಸರು ಅಲ್ಲಿ ಅಚ್ಚಾಗುತ್ತದೆ. ಎಲ್ಲೋ ಬೀದರಿನ, ಎಲ್ಲೋ ವರಂಗಲ್ಲಿನ, ಮುಖ ಕಾಣದ ಗುಮಾಸ್ತರ ಹೆಸರುಗಳ ಮೇಲೆ ಬೆರಳಿಟ್ಟು ಇಳಿಯುತ್ತ, ಅವರೆಲ್ಲರ ಮೇಲೆ ಕರುಳು ಸುಡುವಷ್ಟು ಸಿಟ್ಟು ಮಾಡಿಕೊಳ್ಳುತ್ತ, ತಳಕ್ಕೆ ಬಂದು ಮುಟ್ಟಿದರೆ ತನ್ನ ಹೆಸರಿಲ್ಲ. ಈ ಸಲವೂ ಇರಲಿಲ್ಲ. ಆದರೆ ಹೊಸ ಪೇಶಕಾರರು ಅವನ ಬಗ್ಗೆ ಮೇಲಕ್ಕೆ ಒಳ್ಳೆಯದು ಬರೆದಿದ್ದರು. ಬರುವ ತಿಂಗಳು ಖಂಡಿತ ಎಂದು ಬಾಯಿಬಿಟ್ಟು ಹೇಳಿದ್ದರು. ಹಾಗಾಗಿ ಅಂದಪ್ಪ ಎಂದೂ ಇಲ್ಲದ ಉದಾರ ಮನಸ್ಸಿನಿಂದ ಪುಟ ತಿರುಗಿಸಿದ. ಅಲ್ಲಿತ್ತು, ಯಾವುದೋ ತಾಲೂಕಿನ ವಿರಾಸತ್ ಇಸ್ತಿಹಾರು, ಅದೇ ಒಕ್ಕಣೆ, ಅಚ್ಚಿನಲ್ಲಿ. ಉಜ್ರಾತ್. ಮೊದಲಿಗೆ ಐನ್ ಅಕ್ಷರ, ಬಾಯಿ ತೆರೆದುಕೊಂಡು ನಿಂತಿತ್ತು. ಕೂಲಿಯದಾಗಿದ್ದರೆ ಅಲಿಫ್ ಇರಬೇಕಿತ್ತು. ಅವನು ಜರೀದಾವನ್ನು ಮಡಿಸಿ, ಅದರ ಮೇಲೆ ಮಸಿಕುಡಿಕೆ ಇಟ್ಟು, ಎದ್ದು ಹೋಗಿ ಹಿತ್ತಲಲ್ಲಿ ಸುಮ್ಮನೆ ನಿಂತ. ಖುರ್ದಾದ ತಿಂಗಳ ಬಿಸಿಲು ನೆತ್ತಿ ಸೀಳುವಂತಿತ್ತು. ಆಗ ಇನ್ನೂ ಮೂರು ದಿನ ಇತ್ತು.

ಮೂರು ದಿನದಲ್ಲಿ ಏನು ಬೇಕಾದರೂ ಮಾಡಬಹುದಿತ್ತು. ಪೇಶಕಾರರ ಮುಂದೆ ನಿಂತು, ಸಾಹೇಬ, ಒಂದು ಮಾತು ತಪ್ಪಾಗಿದೆ, ಮತ್ತೊಮ್ಮೆ ಸಾರಿಸಬೇಕು ಎಂದರೆ ಆಗುತ್ತಿತ್ತು. ಅವರು ಕೇಳುತ್ತಿದ್ದರು: ಇಷ್ಟು ಸುಲಭದ ಮಾತು, ಓದಿದವನಿಗೆ ತಪ್ಪುವುದು ಹೇಗೆ? ಆ ಪ್ರಶ್ನೆಯ ಆಚೆಗೆ ಅಂದಪ್ಪನಿಗೆ ದಾರಿ ಕಾಣಲಿಲ್ಲ. ಕಾಯಂ ಆಗುವುದು ಹಾಗಿರಲಿ, ಹನ್ನೊಂದು ವರ್ಷ ಓದಲು ಬಾರದವನು ತರ್ಜುಮೆ ಮಾಡಿದ ಕಾನೂನುಗಳೆಲ್ಲ ಎದ್ದು ಬಂದು ಸಾಲಾಗಿ ನಿಲ್ಲುತ್ತಿದ್ದವು. ಸುಮ್ಮನಿದ್ದರೆ? ಯಾರೂ ತಕರಾರು ಕೊಡದಿದ್ದರೆ ಕಾಗದಗಳ ಮಿಸಲು ಕಟ್ಟಿ ಮೇಲಕ್ಕೆ ಹೋಗುತ್ತದೆ, ದೂಳು ಹಿಡಿಯುತ್ತದೆ. ಕೊಟ್ಟರೆ ವಿಚಾರಣೆ, ಆಗ ಆ ಕನ್ನಡದ ಹಾಳೆಯನ್ನು ಯಾವನಾದರೂ ವಕೀಲ ಎತ್ತಿ ಹಿಡಿದು ಓದಿಯೇ ಓದುತ್ತಾನೆ. ಓಬಳೆಪ್ಪನಿಗೆ ಗಂಡುಮಕ್ಕಳಿಲ್ಲ, ಹೆಂಡತಿ ಮತ್ತು ಎರಡು ಹೆಣ್ಣು. ವತನ ತನಗೆ ಬೇಕೆಂದು ಅರ್ಜಿ ಹಾಕಿದವನು ದಾಯಾದಿ ಆದೆಪ್ಪ. ಹೆಂಡತಿ ತನ್ನ ಹೆಸರಿಗೆ ವತನ ಇಟ್ಟುಕೊಂಡು, ಕೆಲಸಕ್ಕೆ ತಮ್ಮನನ್ನೋ ಯಾರನ್ನೋ ಬದಲಿಗೆ ನಿಲ್ಲಿಸಬಹುದು ಎಂಬ ನಿಯಮವೂ ಇತ್ತು. ಅದನ್ನೂ ಅಂದಪ್ಪನೇ ಕನ್ನಡ ಮಾಡಿದ್ದ, ಅದು ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಅವಳು ಮೂವತ್ತು ದಿನದೊಳಗೆ ಬಂದು ಬಾಯಿ ಬಿಡಬೇಕು. ಬಿಡದಿದ್ದರೆ ಎಂಟೆಕರೆ ಇನಾಮು ಹೊಲವೂ ಚಾವಡಿಯ ಪಕ್ಕದ ಮನೆಯೂ ಆದೆಪ್ಪನ ಪಾಲು, ತಾಯಿ ಮಕ್ಕಳು ಬೀದಿಗೆ.

ಬೆಳಿಗ್ಗೆ ಹೊರಡುವಾಗ ಹೆಂಡತಿ ವಿರೂಪಾಕ್ಷಮ್ಮ ರುಮಾಲು ಕೊಡುತ್ತ, “ಕುಕನೂರಿಂದ ಅಣ್ಣ ಹೇಳಿಕಳಿಸ್ಯಾನ. ನಿಮ್ದು ಕಾಯಂ ಆತು ಅಂದ್ರ ತಾನ ಬಂದು ಎಲ್ಲಾರಿಗೂ ಊಟ ಹಾಕಸ್ತಾನಂತ,” ಎಂದಿದ್ದಳು. ಅವಳಿಗೆ ಗಂಡನೆಂದರೆ ಬಲು ಹೆಮ್ಮೆ. ಫಾರ್ಸಿಯನ್ನೂ ಓದುತ್ತಾನೆಂದು ಓಣಿಗೆಲ್ಲ ಹೇಳಿಟ್ಟಿದ್ದಳು. ಆ ಹೆಮ್ಮೆಯೇ ಎರಡು ವರ್ಷದ ಹಿಂದೆ ಎದುರುಮನೆಯ ರಾಜಾಬೀಯನ್ನು ಕಾಗದ ಹಿಡಿದುಕೊಂಡು ಬಾಗಿಲಿಗೆ ತಂದು ನಿಲ್ಲಿಸಿತ್ತು. ಅವಳ ತಮ್ಮ ಹೈದರಾಬಾದಿನಿಂದ ಕೈಯಾರೆ ಬರೆದ ಪತ್ರ. ಓಣಿಯ ನಾಲ್ಕು ಹೆಂಗಸರು ಸುತ್ತ ನಿಂತಿದ್ದರು. ಅಂದಪ್ಪ ಕಾಗದವನ್ನು ದೂರ ಹಿಡಿದ, ಹತ್ತಿರ ಹಿಡಿದ, ತುಟಿ ಅಲ್ಲಾಡಿಸಿದ. ಆಮೇಲೆ, “ಎಲ್ಲಾ ಛಲೋ ಅದಾರಂತ, ನಿಮಗ ಸಲಾಮ ತಿಳಿಸ್ಯಾನ,” ಎಂದ. ಬಹಳ ಪತ್ರಗಳಲ್ಲಿ ಅಷ್ಟೇ ಇರುತ್ತದೆ ಎಂಬ ಧೈರ್ಯ. ರಾಜಾಬೀ ಸಕ್ಕರೆ ಹಂಚಿದಳು. ವಾರದ ಮೇಲೆ ಯಾರೋ ಬಂದು ಹೇಳಿದರು, ತಮ್ಮನ ಎಳೆಗೂಸು ತೀರಿಕೊಂಡಿದ್ದನ್ನೇ ಅವನು ಆ ಪತ್ರದಲ್ಲಿ ಬರೆದಿದ್ದನೆಂದು. ರಾಜಾಬೀ ಒಂದು ಮಾತೂ ಕೇಳಲಿಲ್ಲ. ಅಂದಿನಿಂದ ಅಂದಪ್ಪ ಓಣಿಯಲ್ಲಿ ಬರುವುದು ಕಂಡರೆ ಒಳಗೆ ಹೋಗಿ ಕದ ಮುಂದೆ ಮಾಡುತ್ತಾಳೆ, ಸದ್ದಾಗದಂತೆ, ಮರ್ಯಾದೆಯಿಂದ. ಒಂದು ದಿನ ಅವಳು ಬಯ್ದುಬಿಡಲಿ ಎಂದು ಅವನು ಕಾದದ್ದುಂಟು. ಇವತ್ತೂ ಕದ ಮುಂದೆ ಬಂತು. ಇವಳಿಗೇನು ಧಾಡಿ, ಎಷ್ಟು ದಿನ ಹಿಡಿದಾಡುತ್ತಾಳೆ ಎಂದು ಹಲ್ಲು ಕಚ್ಚಿಕೊಂಡು ಅವನು ಬೇಗ ಬೇಗ ಕಚೇರಿಯ ಹಾದಿ ಹಿಡಿದಿದ್ದ.

ಗಡಿಯಾರ ಮೂರು ಹೊಡೆಯಿತು. ಅಬ್ದುಲಸಾಬ ಟಪಾಲು ತೆಗೆದುಕೊಂಡು ಹೊರಗೆ ಹೋಗಿದ್ದ. ಅಂಗಳದ ಬೇವಿನ ಕೆಳಗೆ ಒಬ್ಬ ಹೆಂಗಸು ಬಂದು ಕೂತದ್ದನ್ನು ಅಂದಪ್ಪ ಕಿಟಕಿಯಿಂದ ಕಂಡ. ಹಣೆ ಬೋಳು, ಕಾಲು ಮೊಣಕಾಲತನಕ ಕೆಂಪು ದೂಳು. ಅವಳು ಯಾರೆಂದು ಕೇಳಬೇಕಾಗಿರಲಿಲ್ಲ. ಅವನ ಮೈಗೆ ಮೊದಲೇ ಗೊತ್ತಾಗಿಹೋಗಿತ್ತು. ಎದ್ದು ಹೋಗಿ, “ಯಾರಬೇ? ಏನಾಗಬೇಕಾಗಿತ್ತು?” ಎಂದ, ಬೇಕೆಂದೇ ಒರಟಾಗಿ, ಹೆದರಿ ಎದ್ದು ಹೋಗಲಿ ಎಂದು.

“ಹುಲಿಗವ್ವ ರೀ. ತಳವಾರ ಓಬಳೆಪ್ಪನ ಹೇಣ್ತಿ,” ಎಂದು ಅವಳು ಎದ್ದು ನಿಂತಳು. “ಇವತ್ತಿಗೆ ಮೂವತ್ತ ದಿನ ಆದುವಲ್ರಿ. ಗ್ವಾಡಿಗೆ ಇದ್ದಲಿ ಗೀಟ ಹಾಕ್ಕೋಂತ ಬಂದೇನಿ. ಸರಕಾರದ ಕಾಗದ ಬಂದ್ರ ಮುದ್ದತಿನೊಳಗ ಹಾಜರಿ ಕೊಡಬೇಕು, ಇದ್ರ ಐತಿ ಅನಬೇಕು, ಇಲ್ಲಂದ್ರ ಇಲ್ಲ ಅನಬೇಕು ಅಂತಿದ್ದ ಅಂವ. ಅದಕ್ಕ ಬಂದೇನ್ರಿ.”

“ಯಾಕ ಬರಾಕ ಹೋದಿ? ಕೂಲಿ ಇದ್ದಾರು ಅಷ್ಟ ಬರಬೇಕು ಅಂತ ಸಾರಿಲ್ಲೇನು?”

“ಸಾರ್ಯಾರ್ರಿ. ಕೂಲಿ ಇಲ್ಲ ಅಂತ ಹೇಳಾಕ ಬಂದೇನಿ.”

ಎಂಥ ಹೆಂಗಸು ಇವಳು! ಇಲ್ಲ ಎಂದು ಹೇಳಲು ಅಷ್ಟು ದೂರದಿಂದ ಬಿಸಿಲಲ್ಲಿ ನಡೆದು ಬಂದಿದ್ದಾಳೆ. ಅಂದಪ್ಪನಿಗೆ ಅವಳನ್ನು ಕುತ್ತಿಗೆ ಹಿಡಿದು ಹೊರಗೆ ದಬ್ಬುವಷ್ಟು ದ್ವೇಷ ಬಂತು. ತನ್ನ ಬರಹವನ್ನು ಇಷ್ಟು ನಂಬಿದವರು ಯಾರೂ ಇರಲಿಲ್ಲ. ಅವಳು ನಂಬದೆ ಇದ್ದಿದ್ದರೆ, ಚಾವಡಿಯಲ್ಲಿ ಯಾರನ್ನಾದರೂ ಕೇಳಿದ್ದರೆ, ಜಗಳ ತೆಗೆದಿದ್ದರೆ, ಇದು ಅವನ ತಲೆಯ ಮೇಲೆ ಬರುತ್ತಲೇ ಇರಲಿಲ್ಲ. ಹೋಗು, ಆಯಿತು, ಹೇಳಿದೆಯಲ್ಲ ಎಂದು ಅವನು ಕೈ ಬೀಸುವಷ್ಟರಲ್ಲಿ ಒಳಗಿನಿಂದ ಪೇಶಕಾರರು ಕರೆದರು. ಯಾರು ಆ ಹೆಂಗಸು ಎಂದು ಉರ್ದುವಿನಲ್ಲಿ ಕೇಳಿದರು. ಅಂದಪ್ಪ ಹೇಳದೆ ವಿಧಿಯಿರಲಿಲ್ಲ. ಅವರು ಹೈದರಾಬಾದು ಶಹರದವರು, ಬಂದು ನಾಲ್ಕು ತಿಂಗಳಾಗಿತ್ತು. ಕನ್ನಡದಲ್ಲಿ ‘ನೀರು’, ‘ಬರ್ರಿ’ ಎಂಬ ಎರಡು ಮಾತು ಕಲಿತಿದ್ದರು, ಎರಡನ್ನೂ ನಗುತ್ತ ಆಡುತ್ತಿದ್ದರು. “ಬರ್ರಿ, ಬರ್ರಿ,” ಎಂದು ಹುಲಿಗವ್ವನನ್ನು ಮೆಟ್ಟಿಲ ಮೇಲಕ್ಕೆ ಕರೆದು, ಕೂರಲು ಹೇಳಿ, ಕುಡಿಯಲು ನೀರು ಕೊಡಿಸಿದರು. ಅವಳು ಗುಟುಗುಟು ಕುಡಿದಳು.

ಮೃತನ ಹೆಂಡತಿ ತಾನಾಗಿಯೇ ಬಂದದ್ದು ಒಳ್ಳೆಯದೇ ಆಯಿತು, ಹೇಳಿಕೆ ಬರೆದುಕೊಂಡುಬಿಡೋಣ ಎಂದರು ಪೇಶಕಾರರು. ಲೇಖಣಿ ಅದ್ದಿದರು. ಆದೆಪ್ಪನ ಅರ್ಜಿಯ ಮಿಸಲು ಅವರ ಮುಂದೆಯೇ ಬಿಚ್ಚಿಕೊಂಡಿತ್ತು. “ಇನ್ ಸೆ ಪೂಛೋ, ಕುಛ್ ಉಜ್ರಾತ್ ಹೈಂ?” ಇವಳನ್ನು ಕೇಳು, ಏನಾದರೂ ತಕರಾರು ಇದೆಯೇ ಎಂದು. ಆಮೇಲೆ ತಲೆಯೆತ್ತಿ, ಹಳ್ಳಿಯ ಹೆಣ್ಣುಮಗಳು, ತಿಳಿಯುವ ಹಾಗೆ ಕೇಳು, ಅವಸರ ಬೇಡ ಎಂದೂ ಸೇರಿಸಿದರು.

ತಕರಾರು. ಆ ಮಾತು ಅಂದಪ್ಪನ ನಾಲಿಗೆಯ ಮೇಲೆಯೇ ಇತ್ತು. ಕಲಿತದ್ದಲ್ಲ, ಹುಡುಕಬೇಕಾದದ್ದಲ್ಲ, ಬಾವಿಕಟ್ಟೆಯಲ್ಲಿ, ಬದುವಿನಲ್ಲಿ, ಗಂಡ ಹೆಂಡಿರ ನಡುವೆ ದಿನಕ್ಕೆ ಹತ್ತು ಸಲ ಆಡುವ ಮಾತು. ಅದನ್ನು ಆಡಿದರೆ ಇವಳು ಬಾಯಿ ತೆರೆಯುತ್ತಾಳೆ, ಆದೆಪ್ಪನ ಹೆಸರು ಹಿಡಿದು ಒಂದು ತಾಸು ಹೇಳುತ್ತಾಳೆ. ಪೇಶಕಾರರು ಬರೆದುಕೊಳ್ಳುತ್ತಾರೆ. ಆಮೇಲೆ ಕೇಳುತ್ತಾರೆ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು. ಕಾಗದದಲ್ಲಿ ಕೂಲಿ ಅಂತ ಬರೆದಿದ್ದರು ಎನ್ನುತ್ತಾಳೆ ಇವಳು. ಅಲ್ಲಿಗೆ ಮುಗಿಯಿತು. ಅವನು ಹುಲಿಗವ್ವನ ಕಡೆ ತಿರುಗಿದ. ಅವಳ ಗದ್ದದ ಮೇಲೆ ನೀರಿನ ಹನಿ ಇನ್ನೂ ಇತ್ತು. ಅವಳು ಅವನ ಬಾಯಿಯನ್ನೇ ನೋಡುತ್ತಿದ್ದಳು, ಸರಕಾರ ಅಲ್ಲಿಂದಲೇ ಮಾತಾಡುತ್ತದೆ ಎಂದು ಗೊತ್ತಿದ್ದವಳ ಹಾಗೆ. ಹೇಳಿಬಿಡುತ್ತೇನೆ ಎಂದುಕೊಂಡ ಅಂದಪ್ಪ. ನಿಜವಾಗಿ ಹಾಗೆಯೇ ಅಂದುಕೊಂಡ. ನಾಲಿಗೆ ಮೇಲಕ್ಕೂ ಎದ್ದಿತ್ತು.

“ನಿಂದು ಉಜ್ರಾತ ಏನರ ಐತೇನು?” ಎಂದ.

ಹುಲಿಗವ್ವ ಹುಬ್ಬು ಗಂಟಿಕ್ಕಿದಳು. “ಅಂದ್ರ, ಅದ ಕಾಗದದಾಗ ಸಾರಿದ್ದೇನ್ರಿ?”

“ಹೂಂ. ಅದ.”

“ಇಲ್ರೀ ಯಪ್ಪಾ. ಏನೇನೂ ಇಲ್ಲ.” ಅವಳು ಎರಡೂ ಕೈಗಳನ್ನು ತೆರೆದು ತೋರಿಸಿದಳು. “ಅಂವ ಇನ್ನೊಬ್ಬರದು ಇಟಗೊಂಡಾಂವಲ್ಲ. ನಮಗೂ ಯಾರೂ ಕೊಡೂದಿಲ್ಲ.”

ಕೈ ತೆರೆದದ್ದನ್ನೂ ತಲೆ ಆಡಿಸಿದ್ದನ್ನೂ ಪೇಶಕಾರರು ನೋಡಿದರು. ಅದಕ್ಕೆ ಭಾಷೆ ಬೇಕಾಗಿರಲಿಲ್ಲ. ಆದರೂ ಅವರು ಬರೆಯದೆ, ಸರಿಯಾಗಿ ತಿಳಿದುಕೊಂಡಳೇ, ಇನ್ನೊಮ್ಮೆ ಕೇಳು ಎಂದರು. ಇಷ್ಟು ಒಳ್ಳೆಯವರಾಗಿರುವ ಹಕ್ಕು ಇವರಿಗೆ ಯಾರು ಕೊಟ್ಟರು! ಗದರಿಸಿ, ಬೇಗ ಬರೆದು, ಹೊರಗೆ ಅಟ್ಟುವ ಹಳೆಯ ಪೇಶಕಾರನಾಗಿದ್ದರೆ ಅಂದಪ್ಪ ಅವನ ಮೇಲೆ ಪಾಪ ಹಾಕಿ ಮನೆಗೆ ಹೋಗಬಹುದಿತ್ತು. ಎರಡನೆಯ ಸಲ ಕೇಳುವುದು ಮೊದಲನೆಯದಕ್ಕಿಂತ ಸುಲಭವಾಗಿ ಬಂತು, ಅದೇ ಅವನನ್ನು ಹೆದರಿಸಿತು. “ಖರೇನ ಉಜ್ರಾತ ಇಲ್ಲಲ್ಲ? ನೆಪ್ಪ ಮಾಡಿಕೊಂಡು ಹೇಳು.” “ದೇವರಾಣಿ ಇಲ್ರಿ,” ಎಂದಳು ಹುಲಿಗವ್ವ, ಸ್ವಲ್ಪ ನೊಂದುಕೊಂಡು. ಅಂದಪ್ಪ ಪೇಶಕಾರರಿಗೆ ಉರ್ದುವಿನಲ್ಲಿ ಹೇಳಿದ, ಯಾವ ಉಜ್ರಾತೂ ಇಲ್ಲವಂತೆ, ಆಣೆ ಮಾಡಿ ಹೇಳುತ್ತಾಳೆ ಎಂದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಲೇಖಣಿ ಬಲದಿಂದ ಎಡಕ್ಕೆ ಓಡಿತು. ಅವನಿಗೆ ಓದಲು ಬರದ ಆ ಗೀಟುಗಳಲ್ಲಿ ಏನು ಬರೆದಿದೆ ಎಂದು ಈ ಸಲ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹುಲಿಗವ್ವನ ಹೆಬ್ಬೆರಳಿಗೆ ಮಸಿ ಸವರಿ ಅವನೇ ಹಿಡಿದು ಒತ್ತಿಸಿದ. ಕಲ್ಲಿನಂಥ ಬೆರಳು. ಅದರ ಕೆಳಗೆ ತರ್ಜುಮೆದಾರ ಎಂದು ಬರೆದು ಸಹಿ ಹಾಕಿದ. ಉರ್ದುವಿನಲ್ಲಿ ತನ್ನ ಹೆಸರೊಂದನ್ನು ಅವನು ಬಹಳ ಚಂದ ಬರೆಯುತ್ತಿದ್ದ, ವರ್ಷಗಟ್ಟಲೆ ತಿದ್ದಿ ತಿದ್ದಿ ಕಲಿತದ್ದು. ಪೇಶಕಾರರು ಅದನ್ನು ನೋಡಿ, ಶಾಬಾಸ್, ಇಂಥ ಕೈ ಕಾಯಂ ಆಗದೆ ಇನ್ಯಾರದು ಆಗಬೇಕು ಎಂದು ನಕ್ಕು, ಮಿಸಲಿನ ದಾರ ಕಟ್ಟಿ ತಹಶೀಲ್ದಾರರ ಕೋಣೆಗೆ ಎದ್ದು ಹೋದರು. ಅಂದಪ್ಪ ನಿಂತೇ ಇದ್ದ. ಹುಲಿಗವ್ವ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡಳು, ಮೆಟ್ಟಿಲಿಳಿದಳು. ಮತ್ತೆ ಏನೋ ನೆನಪಾದಂತೆ ತಿರುಗಿ ಬಂದಳು. ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು.

“ಯಪ್ಪಾ, ಕೂಲೀದು ಹರೀತಲ್ಲ. ಇನ್ನ ವತನದ ಕಾಗದ ಯಾವಾಗ ಹಚ್ಚತೀರಿ?”

ಅಂದಪ್ಪ ಅವಳ ಮುಖ ನೋಡಲಿಲ್ಲ. “ಯಾಕ?”

“ಆದೆಪ್ಪ ಈಗ ನಮ್ಮ ಹೊಲದಾಗ ನಿಂತು, ಇದು ನಂದು ಅನ್ನಾಕ ಹತ್ಯಾನ್ರಿ. ವತನದ ಕಾಗದ ಬಂದ ದಿನ ಓಡಿಬಂದು ತಕರಾರ ಕೊಡತೀನಿ. ನೀವ ಬರಕೊಡ್ರಿ ನನಗ, ನಿಮ್ಮ ಮ್ಯಾಲೆ ಭಾಳ ಇಸವಾಸ ಐತಿ. ತಕರಾರಿಗೆ ಎಷ್ಟ ದಿನ ಕೊಡತಾರ್ರಿ?”

ಒಳಗೆ ಪೇಶಕಾರರು ಯಾವುದೋ ಮಾತಿಗೆ ನಗುವುದು ಕೇಳಿಸಿತು.

“ಮೂವತ್ತು ದಿನ,” ಎಂದ ಅಂದಪ್ಪ.

“ಮೂವತ್ತ ದಿನಾನ? ಭಾಳಾತು ಬಿಡ್ರಿ,” ಎಂದು ಹುಲಿಗವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಬಿಸಿಲಿಗೆ ಇಳಿದಳು.